ಕಟ್ಟಡ-ನಿಯಂತ್ರಕಗಳ ಕೈಪಿಡಿಗಳ ಭಾಷೆ

ಕಟ್ಟಡವೊಂದರ ಶೀತಲಯಂತ್ರ, ಗಾಳಿಯ ಫ್ಯಾನು, ನೀರಿನ ಪಂಪುಗಳನ್ನು ಒಂದೆಡೆಯಿಂದ ನಡೆಸುವ ಕಂಟ್ರೋಲರಿನೊಡನೆ ಬರುವ ಕೈಪಿಡಿಯನ್ನು ಗದ್ಯವೆಂದು ಯಾರೂ ಓದುವುದಿಲ್ಲ. ಆದರೆ ಅದರ ಒಂದು ಅಕ್ಷರ ಸಂದಿಗ್ಧವಾದರೂ ಯಂತ್ರಗಳ ನಡುವಣ ಸಂವಾದ ಕೆಡುತ್ತದೆ. ಆದುದರಿಂದ ಅದರ ಭಾಷೆಯನ್ನು ವಿಮರ್ಶೆಗೆ ಒಳಪಡಿಸುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಮೊದಲು ತಂತಿಯ ವಿಚಾರ. ೧೯೮೩ರ ಆರ್‌ಎಸ್-೪೮೫ ಪ್ರಮಾಣದಲ್ಲಿ ಎರಡು ತಂತಿಗಳ ನಡುವಣ ವೋಲ್ಟೇಜಿನ ಅಂತರವೇ ಸಂಕೇತ. ೨೦೦ ಮಿಲಿವೋಲ್ಟಿನಷ್ಟು ಅಲ್ಪ ಅಂತರವನ್ನೂ ಗ್ರಾಹಕವು ಗುರುತಿಸಬೇಕು. ತಂತಿಗಳ ಹೆಸರು ಎ ಮತ್ತು ಬಿ. ‘ಒಂದು’ ಎಂಬ ಬಿಟ್ಟನ್ನು ಕಳುಹಿಸುವಾಗ ಎ ತಂತಿಯು ಬಿ ತಂತಿಗಿಂತ ಋಣವಾಗಿರಬೇಕೆಂಬುದು ಪ್ರಮಾಣದ ತಾತ್ಪರ್ಯ. ಆದರೆ ಅನೇಕ ಚಿಪ್ ತಯಾರಕರು ಅದೇ ಸ್ಥಿತಿಯಲ್ಲಿ ಧನವಾಗುವ ತುದಿಯನ್ನೇ ಎ ಎಂದು ಕರೆದರು. ಕೈಪಿಡಿಗಳನ್ನು ಬರೆದವರಲ್ಲಿ ಕೆಲವರು ಪ್ರಮಾಣವನ್ನು, ಕೆಲವರು ಚಿಪ್ಪನ್ನು ಅನುಸರಿಸಿದರು. ಪರಿಣಾಮವಾಗಿ, ಎ ತಂತಿಯನ್ನು ಎ ತುದಿಗೇ ಶ್ರದ್ಧೆಯಿಂದ ಜೋಡಿಸಿದ ಕೆಲಸಗಾರನೇ ತಪ್ಪುಗಾರನಾಗುತ್ತಾನೆ! ಉತ್ತರ ಬಾರದಿದ್ದರೆ ತಂತಿಗಳನ್ನು ಅದಲುಬದಲು ಮಾಡಿ ನೋಡಿರೆಂದು ಕೈಪಿಡಿಯೇ ಬೋಧಿಸುವುದುಂಟು. ಅದಲುಬದಲಿನಿಂದ ಯಂತ್ರಕ್ಕೆ ಸಾಮಾನ್ಯವಾಗಿ ಹಾನಿಯಿಲ್ಲ, ನಿಜ. ಆದರೂ ಇದು ಉಪದೇಶವಲ್ಲ, ಲೇಖಕನ ಸೋಲಿನ ಒಪ್ಪಿಗೆ. ಮಾಡ್‌ಬಸ್ ಸಂಸ್ಥೆಯ ಸರಣಿಮಾರ್ಗದ ದಸ್ತಾವೇಜು ತುದಿಗಳಿಗೆ ಡಿ-೦, ಡಿ-೧ ಎಂದು ಹೆಸರಿಟ್ಟು, ‘ಒಂದು’ ಎಂಬ ಬಿಟ್ಟಿನಲ್ಲಿ ಯಾವುದು ಹೆಚ್ಚು ಧನವೆಂಬುದನ್ನೂ ಹೇಳುತ್ತದೆ. ಶಬ್ದವಿವೇಕವೆಂದರೆ ಇದು.

ಮಾರ್ಗದ ಎರಡು ಕೊನೆಗಳಲ್ಲಿ ಮಾತ್ರ ಸುಮಾರು ೧೨೦ ಓಮಿನ ರೆಸಿಸ್ಟರನ್ನು ಇಡಬೇಕೆಂಬುದನ್ನು ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಆ ವಿಚಾರವಾಗಿ ನಮ್ಮ ಆಕ್ಷೇಪವಿಲ್ಲ.

ಸಂರಚನೆಯ ಪುಟಗಳಿಗೆ ಬಂದರೆ ಆಕ್ಷೇಪ ತೀವ್ರವಾಗುತ್ತದೆ. ಮೇಲಿನ ದಸ್ತಾವೇಜು ಸಮ ಪ್ಯಾರಿಟಿಯನ್ನು ವಿಧಿಸಿ, ಪ್ಯಾರಿಟಿ ಇಲ್ಲದಾಗ ಎರಡು ಸ್ಟಾಪ್ ಬಿಟ್ಟುಗಳನ್ನು ಕೇಳುತ್ತದೆ. ಪ್ಯಾರಿಟಿಯನ್ನು ಬಿಟ್ಟು ಒಂದೇ ಸ್ಟಾಪ್ ಬಿಟ್ಟನ್ನು ಇಡುವ ಉಪಕರಣಗಳು ಹೇರಳ. ತಾವು ನಿಯಮವನ್ನು ಮೀರಿದ್ದೇವೆಂಬ ಸೂಚನೆಯಾದರೂ ಅವುಗಳ ಕೈಪಿಡಿಗಳಲ್ಲಿ ವಿರಳ. ಪ್ಯಾರಿಟಿ ಹೊಂದದಿದ್ದರೆ ಉತ್ತರವೇ ಬರುವುದಿಲ್ಲ; ಕೆಲಸಗಾರನು ಎಚ್ಚರಗೊಳ್ಳುತ್ತಾನೆ. ಮೌನವು ಪ್ರಾಮಾಣಿಕವಾದ ದೋಷ.

ರಿಜಿಸ್ಟರುಗಳ ಎಣಿಕೆಯ ದೋಷ ಹಾಗಲ್ಲ. ಮಾಡ್‌ಬಸ್ಸಿನ ದತ್ತಾಂಶ-ಕಲ್ಪನೆಯಲ್ಲಿ ಎಣಿಕೆ ಒಂದರಿಂದ ಮೊದಲಾಗುತ್ತದೆ, ತಂತಿಯ ಮೇಲೆ ಸೊನ್ನೆಯಿಂದ. ಕೈಪಿಡಿಯ ಪಟ್ಟಿಯಲ್ಲಿ ೧೦೮ ಎಂದಿದ್ದರೆ ಅದು ಯಾವ ಎಣಿಕೆಯೆಂದು ಓದುಗನು ಊಹಿಸಬೇಕು. ಊಹೆ ತಪ್ಪಿದರೂ ಉತ್ತರ ಬರುತ್ತದೆ, ಆದರೆ ಪಕ್ಕದ ರಿಜಿಸ್ಟರಿನದು. ಪಕ್ಕದಲ್ಲಿ ಕೋಣೆಯ ಉಷ್ಣಾಂಶಕ್ಕೆ ಬದಲಾಗಿ, ಇರಬೇಕೆಂದು ನಿಗದಿಮಾಡಿದ ಉಷ್ಣಾಂಶವಿದ್ದರೆ ಪರದೆಯ ಮೇಲೆ ೨೪ ಡಿಗ್ರಿ ಎಂದು ಸ್ಥಿರವಾಗಿ ಕಾಣುತ್ತದೆ. ಕೋಣೆ ಕಾದಿದ್ದರೂ ಯಾರಿಗೂ ಸಂದೇಹ ಬಾರದು. ನಂಬಲರ್ಹವಾದ ಈ ಸುಳ್ಳನ್ನೇ ನಾವು ಕೈಪಿಡಿಗಳ ಪರಮದೋಷವೆಂದು ಎಣಿಸುತ್ತೇವೆ. ಇದಕ್ಕೆ ಪರಿಹಾರವೇನೂ ದೂರವಿಲ್ಲ. ಮಾಡ್‌ಬಸ್ಸಿನ ಮೂಲಗ್ರಂಥವು ೧೦೮ರಿಂದ ೧೧೦ರವರೆಗಿನ ರಿಜಿಸ್ಟರುಗಳನ್ನು ಓದುವ ಸಂದೇಶವನ್ನು ಬೈಟು ಬೈಟಾಗಿ ಬಿಡಿಸಿ, ತಂತಿಯ ಮೇಲೆ ಹೋಗುವ ಆರಂಭದ ಸಂಖ್ಯೆ ೧೦೭ ಎಂದು ತೋರಿಸಿಕೊಟ್ಟಿದೆ. ಅಂತಹ ಒಂದು ಉದಾಹರಣೆಗೆ ಅರ್ಧಪುಟ ಸಾಕು.