ತಿರುವುಗಳ ಲೆಕ್ಕ, ಹಟ್ಟಿಗಳ ಮರೆವು

ಬೆಟ್ಟದ ಸೀಮೆಗಳಲ್ಲಿ ಸೈಕಲ್ ತುಳಿದು ಪ್ರವಾಸ ಮಾಡುವ ಹವ್ಯಾಸ ಕೆಲವು ವರ್ಷಗಳಿಂದ ನಮ್ಮವರಲ್ಲಿ ಬೆಳೆಯುತ್ತಿದೆ. ಅದರ ಬೆನ್ನಿಗೇ ಅದರ ಬರಹವೂ ಬೆಳೆದಿದೆ. ಸವಾರಿ ಮುಗಿಸಿ ಬಂದವರು ಪತ್ರಿಕೆಗಳಿಗೂ ಸ್ಮರಣ ಸಂಚಿಕೆಗಳಿಗೂ ಬರೆದ ಲೇಖನಗಳನ್ನು ನಾವು ಆಸಕ್ತಿಯಿಂದ ಓದುತ್ತ ಬಂದಿದ್ದೇವೆ. ಅವುಗಳಲ್ಲಿ ನೀಲಗಿರಿಯನ್ನು ಕುರಿತವು ಹೆಚ್ಚು. ಓದಿ ಮುಗಿಸಿದಾಗ ಎಷ್ಟು ಕಿಲೋಮೀಟರ್ ತುಳಿದರು, ಎಷ್ಟು ಮೀಟರ್ ಏರಿದರು, ಮಸಿನಗುಡಿಯಿಂದ ಉದಕಮಂಡಲಕ್ಕೆ ಹೋಗುವ ಕಲ್ಹಟ್ಟಿ ಘಾಟಿಯ 36 ತಿರುವುಗಳ ಪೈಕಿ ಎಷ್ಟನೆಯದರಲ್ಲಿ ಕಾಲು ಹಿಡಿದುಕೊಂಡಿತು ಎಂಬುದೆಲ್ಲ ತಪ್ಪದೆ ತಿಳಿಯುತ್ತದೆ. ದಾರಿಯಲ್ಲಿ ಸಿಕ್ಕ ಊರು ಯಾವುದು, ಅಲ್ಲಿದ್ದವರು ಯಾರು, ಅವರು ಆಡಿದ ಮಾತು ಯಾವುದು ಎಂಬುದು ಮಾತ್ರ ತಿಳಿಯುವುದಿಲ್ಲ. ಕಲ್ಹಟ್ಟಿ ಎಂಬ ಹೆಸರಿನಲ್ಲೇ ಒಂದು ಹಟ್ಟಿ ಇದೆ. ತಿರುವುಗಳನ್ನು ಒಂದೊಂದಾಗಿ ಎಣಿಸಿದ ಲೇಖಕರಿಗೆ ಆ ಎರಡಕ್ಷರ ಕಾಣದೆ ಹೋದದ್ದು ಸೋಜಿಗ.

ಈ ಬರಹಗಳ ದೋಷ ಶೈಲಿಯದಲ್ಲ. ಕೆಲವರು ಲವಲವಿಕೆಯಿಂದಲೇ ಬರೆಯುತ್ತಾರೆ. ದೋಷವಿರುವುದು ವಸ್ತುವಿನ ಆಯ್ಕೆಯಲ್ಲಿ. ಅದನ್ನು ತೋರಿಸಲು ವಾಚಕರು ಅನುಮತಿಸಿದರೆ ಒಂದು ಸಣ್ಣ ಲೆಕ್ಕ ಮಾಡುತ್ತೇವೆ. ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರ ಕಚೇರಿಯ ಕಡತಗಳ ನಡುವೆ ಪೂರ್ತಿ ತುಕ್ಕು ಹಿಡಿದಿಲ್ಲವೆಂದು ನಮ್ಮ ನಂಬಿಕೆ.

ಸವಾರನೂ ಸೈಕಲ್ಲೂ ಸೇರಿ 82 ಕಿಲೋ ಎಂದಿಟ್ಟುಕೊಳ್ಳೋಣ. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಅವನನ್ನು ಹಿಂದಕ್ಕೆ ಎಳೆಯುವ ಭಾರ ಸುಮಾರು 80 ನ್ಯೂಟನ್. ಟಯರಿನ ಘರ್ಷಣೆಯನ್ನೂ ಸೇರಿಸಿದರೆ 85ರ ಹತ್ತಿರ. ನಲವತ್ತು ದಾಟಿದ ಗುಮಾಸ್ತನೊಬ್ಬ ಗಂಟೆಗಟ್ಟಲೆ ಎಡೆಬಿಡದೆ ತುಳಿದು ಕೊಡಬಲ್ಲ ಶಕ್ತಿ 120 ವ್ಯಾಟ್ ಎಂದರೆ ಅವನನ್ನು ಹೊಗಳಿದಂತೆಯೇ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಗಂಟೆಗೆ ಐದು ಕಿಲೋಮೀಟರ್ ವೇಗ ಬರುತ್ತದೆ. ಗೇರುಗಳು ಎಷ್ಟೇ ಇರಲಿ, ಈ ಲೆಕ್ಕ ಬದಲಾಗದು. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ 34 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು ಸುತ್ತಿ ಎರಡು ಮೀಟರಿನಷ್ಟು ಮುಂದೆ ಹೋಗುತ್ತದೆ. ಮುಂದೆ 50, ಹಿಂದೆ 11 ಇದ್ದರೆ ಒಂಬತ್ತೂವರೆ ಮೀಟರ್. ಗೇರು ಕಾಲಿನ ಭಾರವನ್ನು ಹಂಚಿಕೊಡುತ್ತದೆ, ಶಕ್ತಿಯನ್ನು ಹುಟ್ಟಿಸುವುದಿಲ್ಲ.

ಗಂಟೆಗೆ ಐದು ಕಿಲೋಮೀಟರ್ ಎಂದರೆ ನಡೆಯುವವನ ವೇಗ. ಬೆಟ್ಟದ ಏರು ಸೈಕಲ್ ಸವಾರನನ್ನು ಪಾದಚಾರಿಯನ್ನಾಗಿ ಮಾಡಿಬಿಡುತ್ತದೆ. ಅವನಿಗೆ ಬೇಲಿಯಾಚೆಯ ಮಾತು ಕೇಳುತ್ತದೆ, ಒಲೆಯ ಹೊಗೆಯ ವಾಸನೆ ಬರುತ್ತದೆ, ಎದುರಿಗೆ ಬಂದವರ ಮುಖ ನೋಡದೆ ವಿಧಿಯಿಲ್ಲ. ಇಳಿಜಾರಿನಲ್ಲಿ ಗಂಟೆಗೆ 50 ಕಿಲೋಮೀಟರಿನಲ್ಲಿ ಜಾರುವವನ ಕಣ್ಣಿಗೆ ರಸ್ತೆಯ ಗುಂಡಿಗಳಲ್ಲದೆ ಬೇರೇನೂ ಬೀಳಬಾರದು, ಬಿದ್ದರೆ ಅಪಾಯ. ಹೀಗಿರುವಾಗ ಬರಹಕ್ಕೆ ಬೇಕಾದ ಸಾಮಗ್ರಿ ಸಿಗುವುದು ಏರಿನಲ್ಲಿ. ನಾವು ಓದಿದ ಲೇಖನಗಳಲ್ಲಿ ಏರಿನ ಪಾಲಿಗೆ ಬರುವುದು ನರಳಾಟ, ಇಳಿಜಾರಿಗೆ ಪುಟ ತುಂಬ ವರ್ಣನೆ.

ಈ ಪ್ರಕಾರದಲ್ಲಿ ಒಳ್ಳೆಯ ಮಾದರಿಗಳಿಲ್ಲವೆಂದಲ್ಲ. ಮುಂಬಯಿಯ ಪಾರ್ಸಿ ತರುಣರಾದ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭುಮಗರಾ 1923ರಲ್ಲಿ ಹೊರಟು 1928ರ ವರೆಗೆ ಸೈಕಲ್ ಮೇಲೆ ಸುಮಾರು 71,000 ಕಿಲೋಮೀಟರ್ ಸುತ್ತಿ ಬಂದು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಆದರೆ ನಾವು ಇಲ್ಲಿ ವಿಸ್ತಾರವಾಗಿ ಪ್ರಸ್ತಾಪಿಸಬಯಸುವುದು ಐರ್ಲೆಂಡಿನ ಲೇಖಕಿ ಡರ್ವ್ಲಾ ಮರ್ಫಿಯವರನ್ನು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದಾಗಲೇ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗಬೇಕೆಂದು ಸಂಕಲ್ಪಿಸಿದ ಈಕೆ, 1963ರ ಜನವರಿಯಲ್ಲಿ ಹೊರಟು ಅದೇ ಜುಲೈನಲ್ಲಿ ದೆಹಲಿ ಸೇರಿದರು. ಸೈಕಲ್ಲಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಮೊಟಕುಗೊಳಿಸಿ 'ರಾಜ್' ಎಂದು ಕರೆದರು. ಆ ಯಾತ್ರೆಯ ದಿನಚರಿ 1965ರಲ್ಲಿ 'ಫುಲ್ ಟಿಲ್ಟ್' ಎಂಬ ಪುಸ್ತಕವಾಯಿತು. ಅದರಲ್ಲಿ ಮೈಲಿಗಳ ಲೆಕ್ಕ ಇದೆ, ಆದರೆ ಅದು ಮುಂದೆ ಬಂದು ನಿಲ್ಲುವುದಿಲ್ಲ. ರಾತ್ರಿ ತಂಗಿದ ಮನೆ, ಅಲ್ಲಿ ಬಡಿಸಿದ ರೊಟ್ಟಿ, ಭಾಷೆ ಬಾರದೆಯೂ ನಡೆದ ಮಾತುಕತೆ ಇವೇ ಪುಸ್ತಕದ ಜೀವಾಳ. ಬಾಬುಸರ್ ಕಣಿವೆಯ ಹಿಮದಲ್ಲಿ ಆಕೆ ಸೈಕಲ್ಲನ್ನು ಹೊತ್ತು ದಾಟಿದ ಪ್ರಸಂಗದಲ್ಲಿ ಸಹ ಸಾಹಸದ ಜಂಭವಿಲ್ಲ. ವಿನೋದವೆಂದರೆ, ಇಷ್ಟು ದೂರ ತುಳಿದವರ ಪಕ್ಕೆಲುಬುಗಳು ಮುರಿದದ್ದು ಅಫ್ಘಾನಿಸ್ತಾನದ ಬಸ್ಸೊಂದರಲ್ಲಿ, ಸಹಪ್ರಯಾಣಿಕನ ಬಂದೂಕಿನ ಹಿಡಿ ತಾಗಿ!

ಮೆಚ್ಚುತ್ತಲೇ ಒಂದು ಕೊರತೆಯನ್ನೂ ಹೇಳಬೇಕು. ದಿನಕ್ಕೊಂದು ಊರು ದಾಟುವವರಿಗೆ ಇಡೀ ಜನಾಂಗದ ಗುಣದೋಷಗಳ ಮೇಲೆ ತೀರ್ಪು ಕೊಡುವ ಚಪಲ ಬರುತ್ತದೆ. ಮರ್ಫಿಯವರೂ ಅದರಿಂದ ಪಾರಾಗಿಲ್ಲ. ಅಫ್ಘಾನರ ಮೇಲಿನ ಅವರ ಒಲವು ಕುರುಡುತನದ ಅಂಚಿಗೆ ಹೋಗುತ್ತದೆ. ಕನ್ನಡಿಗರಿಗೆ ಇನ್ನೂ ಹತ್ತಿರವಾದುದು 1976ರಲ್ಲಿ ಪ್ರಕಟವಾದ ಅವರ ಕೊಡಗಿನ ಪುಸ್ತಕ. ಐದು ವರ್ಷದ ಮಗಳ ಕೈ ಹಿಡಿದು, ಈ ಬಾರಿ ಸೈಕಲ್ ಇಲ್ಲದೆ ಬಂದವರು ವಿರಾಜಪೇಟೆಯ ಬಳಿಯ ದೇವಣಗೇರಿಯಲ್ಲಿ ವಾರಗಟ್ಟಲೆ ನೆಲೆಸಿದರು. ಆ ಪುಸ್ತಕದಲ್ಲಿ ತೀರ್ಪುಗಳು ತಗ್ಗಿ ಪ್ರಶ್ನೆಗಳು ಹೆಚ್ಚಿವೆ. ನಿಧಾನದ ಬೆಲೆ ಅರಿತ ಲೇಖಕಿ ಕೊನೆಗೆ ಸೈಕಲ್ಲಿಗಿಂತಲೂ ನಿಧಾನವಾದದ್ದನ್ನು ಆರಿಸಿಕೊಂಡರು ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ.

ಈಗ ನೀಲಗಿರಿಗೆ ಬರೋಣ. ಚೆನ್ನೈ ಕನ್ನಡಿಗರಿಗೆ ಅದು ದೂರದ ಸೀಮೆಯಲ್ಲ. ರಾತ್ರಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮೇಟ್ಟುಪಾಳ್ಯ. ಅಲ್ಲಿಂದ ಕೋಟಗಿರಿಗೆ ಮೂವತ್ತಮೂರು ಕಿಲೋಮೀಟರಿನ ಏರು. ಸಮುದ್ರಮಟ್ಟದಿಂದ 330 ಮೀಟರ್ ಇದ್ದದ್ದು 1,790 ಮೀಟರಿಗೆ ಮುಟ್ಟುತ್ತದೆ. ಮೈಸೂರಿನ ಕಡೆಯಿಂದ ಹೋಗುವವರಿಗೆ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳ ದಾರಿ. ಎತ್ತ ಹೋದರೂ ಬೆಟ್ಟದ ಮೇಲೆ ಸ್ವಾಗತಿಸುವ ಹೆಸರುಗಳನ್ನು ನೋಡಿ: ದೊಡ್ಡಬೆಟ್ಟ, ಹುಲಿಕಲ್, ಕಲ್ಹಟ್ಟಿ. ಕೋಟಗಿರಿ ಎಂಬುದು ಕೋತರ ಕೇರಿ ಎಂಬುದರಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. 2,637 ಮೀಟರ್ ಎತ್ತರದ, ತಮಿಳುನಾಡಿನ ಅತ್ಯುನ್ನತ ಶಿಖರಗಳ ಸಾಲಿಗೆ ಸೇರಿದ ಬೆಟ್ಟಕ್ಕೆ 'ದೊಡ್ಡಬೆಟ್ಟ' ಎಂದಷ್ಟೇ ಹೆಸರಿಟ್ಟವರ ಸರಳತೆಯೂ ಮೆಚ್ಚತಕ್ಕದ್ದೇ. ಹೆಸರಿಟ್ಟವರು ಬಡಗರು. ಅವರ ಊರೇ ಹಟ್ಟಿ: ಇಳಿಜಾರಿನ ಮೈಗೆ ಅಡ್ಡಲಾಗಿ, ಒಂದಕ್ಕೊಂದು ಗೋಡೆ ತಾಗಿಸಿ ಕಟ್ಟಿದ ಮನೆಗಳ ಸಾಲು, ಮುಂದೆ ಬಯಲು ಅಂಗಳ. ಇಡೀ ನಾಡನ್ನು ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ ಎಂದು ನಾಲ್ಕು ಸೀಮೆಗಳಾಗಿ ಅವರು ಎಣಿಸುತ್ತಾರೆ.

ಇವು ನಿನ್ನೆ ಮೊನ್ನೆಯ ಊರುಗಳಲ್ಲ. ಬೆಟ್ಟದ ಮೇಲೆ ಕ್ರೈಸ್ತರಿದ್ದಾರೆಂಬ ವದಂತಿಯನ್ನು ಪರೀಕ್ಷಿಸಲು 1603ರಲ್ಲಿ ಮಲಬಾರಿನ ಕಡೆಯಿಂದ ಹತ್ತಿದ ಫೆನಿಚಿಯೊ ಎಂಬ ಜೆಸ್ವಿಟ್ ಪಾದ್ರಿ ತೊದವರ ಜೊತೆಗೆ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬಂದದ್ದು 1819ರಲ್ಲಿ, ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಸೈಕಲ್ ಲೇಖನಗಳಲ್ಲಿ ಸಲಿವನ್ ಸಾಹೇಬನಿಗೆ ಒಂದು ಪ್ಯಾರಾ ಖಂಡಿತ ಇರುತ್ತದೆ. ಆತ ಮನೆ ಕಟ್ಟಿಕೊಂಡ ಕನ್ನೇರಿಮುಕ್ಕು ಆಗಲೂ ಈಗಲೂ ಬಡಗರ ಊರು ಎಂಬ ಒಂದು ವಾಕ್ಯಕ್ಕೆ ಜಾಗ ಸಿಕ್ಕುವುದಿಲ್ಲ.

ಇನ್ನು 'ಹಸಿರು ಹಾಸು'. ಈ ಮಾತನ್ನು ನಾವು ಎಷ್ಟು ಲೇಖನಗಳಲ್ಲಿ ಓದಿದೆವೋ ಲೆಕ್ಕವಿಲ್ಲ. ಚಹದ ಗಿಡ ಹಾಸಲ್ಲ, ಬೆಳೆ. ಮೊದಲು ರಾಗಿ, ಸಾಮೆ ಬೆಳೆದು, ಆಮೇಲೆ ಆಲೂಗಡ್ಡೆಗೆ ತಿರುಗಿ, ಕೊನೆಗೆ ಚಹಕ್ಕೆ ಬಂದು ನಿಂತ ಸಣ್ಣ ಹಿಡುವಳಿದಾರರ ಜೀವನ ಹಸಿರೆಲೆಯ ಕಿಲೋ ಬೆಲೆಯ ಮೇಲೆ ತೂಗುತ್ತದೆ. ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಕೋಟಗಿರಿಯ ಸುತ್ತ ತುಳಿಯುತ್ತಿದ್ದಾಗ ಒಂದು ಹಟ್ಟಿಯ ಬಳಿ ನೀರಿಗೆ ನಿಂತೆವು. ಹಿರಿಯರೊಬ್ಬರು ಬಡಗ ಮಾತಿನಲ್ಲಿ ಕೇಳಿದರು, ನಾವು ಕನ್ನಡದಲ್ಲಿ ಉತ್ತರಿಸಿದೆವು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇಬ್ಬರೂ ನಕ್ಕು ತಮಿಳಿಗೆ ಹೊರಳಿದೆವು. ಆಮೇಲೆ ಅವರು ಮುಕ್ಕಾಲು ಗಂಟೆ ಮಾತನಾಡಿದ್ದು ಎಲೆಯ ಬೆಲೆಯನ್ನು, ಕೊಯಮತ್ತೂರಿಗೆ ಕೆಲಸಕ್ಕೆ ಹೋದ ಮಕ್ಕಳನ್ನು ಕುರಿತು. ನಮ್ಮ ವೇಳಾಪಟ್ಟಿ ಅಂದು ಕೆಟ್ಟಿತು. ಒಬ್ಬ ಗೆಳೆಯರು ಸಂಜೆಯವರೆಗೂ ಅದನ್ನೇ ಗೊಣಗಿದರು.

ಇಲ್ಲಿ ನಮ್ಮ ಸಂಘದವರ ಮುಂದೆ ಒಂದು ಎಚ್ಚರಿಕೆಯ ಮಾತನ್ನೂ ಆಡಬೇಕಾಗಿದೆ. ಹಟ್ಟಿಗಳನ್ನು ಮರೆಯುವುದು ಒಂದು ತಪ್ಪಾದರೆ, ಹಟ್ಟಿ ಕಂಡೊಡನೆ 'ಇವರು ನಮ್ಮವರೇ, ಇವರದು ಕನ್ನಡವೇ' ಎಂದು ಎದೆಯುಬ್ಬಿಸುವುದು ಇನ್ನೊಂದು. 2011ರ ಜನಗಣತಿ ಬಡಗ ಮಾತೃಭಾಷೆಯ ಸುಮಾರು 1,33,000 ಮಂದಿಯನ್ನು ಕನ್ನಡದ ಶೀರ್ಷಿಕೆಯಡಿ ಸೇರಿಸಿದೆ ನಿಜ. ಸರ್ಕಾರದ ಶೀರ್ಷಿಕೆಗಳ ಅಡಿಯಲ್ಲಿ ಏನೇನು ಸೇರುತ್ತದೆಂದು ನಮ್ಮಂಥ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲಗೆಯನ್ನು ಮಡಿಚಿ ಉಚ್ಚರಿಸುವ ವಿಶಿಷ್ಟ ಸ್ವರಗಳು ಆ ಭಾಷೆಯಲ್ಲಿವೆಯೆಂದು ಎಮೆನೋ ಅವರು 1939ರಲ್ಲೇ ತೋರಿಸಿದರು. ಅವು ನಮ್ಮ ಕನ್ನಡದಲ್ಲಿಲ್ಲ. ಹಾಕಿಂಗ್ಸ್ ಮತ್ತು ಪಿಲೋ ರೈಚೂರ್ ಅವರ ಬಡಗ ನಿಘಂಟು 1992ರಲ್ಲಿ ಹೊರಬಂದಿದೆ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರ ಸಂತತಿ ತಾವೆಂಬ ಐತಿಹ್ಯವನ್ನು ಒಪ್ಪುವವರೂ ಅಲ್ಲಗಳೆಯುವವರೂ ಬಡಗರಲ್ಲೇ ಇದ್ದಾರೆ. ಅವರಲ್ಲಿ ಅನೇಕರು ತಮ್ಮದು ಸ್ವತಂತ್ರ ಭಾಷೆ ಎನ್ನುತ್ತಾರೆ. ಅವರ ಮನೆಯ ಅಂಗಳದಲ್ಲಿ ನಿಂತು ಅವರ ಮಾತಿಗೆ ನಾವು ಹೆಸರಿಡುವುದು ಸಭ್ಯತೆಯಲ್ಲ. ಕೇಳಿಸಿಕೊಳ್ಳುವುದಕ್ಕೆ ಮಾತ್ರ ಯಾರ ಆಕ್ಷೇಪವೂ ಇರಲಾರದು, ಮತ್ತು ತಮಿಳು ನಾಡಿನಲ್ಲಿ ಬಾಳುವ ಕನ್ನಡಿಗನ ಕಿವಿಗೆ ಅಲ್ಲಿ ಕೇಳಿಸುವಷ್ಟು ಬೇರೆ ಸವಾರರಿಗೆ ಕೇಳಿಸದು. ಈ ಅನುಕೂಲವಿದ್ದೂ ನಮ್ಮವರ ಲೇಖನಗಳು ಪರದೇಶದ ಪ್ರವಾಸಿಯ ಲೇಖನದಂತೆಯೇ ಇರುವುದು ನಮ್ಮ ಮುಖ್ಯ ಆಕ್ಷೇಪಣೆ.

ಸಂಘಟಿತ ಪ್ರವಾಸಗಳನ್ನು ನಾವು ಹಳಿಯುತ್ತಿದ್ದೇವೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಸೈಕಲ್ ಪ್ರೇಮಿಗಳು 2008ರಲ್ಲಿ ಆರಂಭಿಸಿದ 'ಟೂರ್ ಆಫ್ ನೀಲಗಿರೀಸ್' ಪ್ರವಾಸ ಸೈಕಲ್ಲಿಗೆ ನಮ್ಮ ಕಡೆ ಒಂದು ಮರ್ಯಾದೆ ತಂದಿತು. ಒಂದೇ ಗೇರಿನ ಹರ್ಕ್ಯುಲಿಸ್ ಸೈಕಲ್ಲನ್ನು ಅಂಬತ್ತೂರಿನ ಕಾರ್ಖಾನೆಯಿಂದ ನಾಡಿಗೆಲ್ಲ ಕಳಿಸಿದ ಈ ನಗರದಲ್ಲೇ, ಸೈಕಲ್ ಬಡವರ ವಾಹನವೆಂದು ಮೂಗು ಮುರಿಯುವವರು ಬಹಳ ಮಂದಿ ಇದ್ದರು. ನೂರಾರು ಜನ ಒಟ್ಟಿಗೆ ಹೊರಟಾಗ ಊಟ, ವೈದ್ಯ, ಪಂಕ್ಚರ್ ತಿದ್ದುವವನು ಎಲ್ಲವೂ ಗಂಟೆಯ ಪ್ರಕಾರ ನಡೆಯಬೇಕು. ಹಟ್ಟಿಯಲ್ಲಿ ನಿಂತು ಮಾತನಾಡಲು ಅಲ್ಲಿ ಅವಕಾಶ ಕಡಿಮೆ. ಅದು ಆಟದ ನಿಯಮ, ಇರಲಿ. ಆದರೆ ಮನೆಗೆ ಬಂದು ಲೇಖನಿ ಹಿಡಿದವರ ಹಿಂದೆ ಯಾವ ವ್ಯವಸ್ಥಾಪಕನೂ ಸೀಟಿ ಊದುತ್ತಿರುವುದಿಲ್ಲವಲ್ಲ!

ಸದಸ್ಯರಲ್ಲಿ ಯಾರಾದರೂ ಮುಂದಿನ ಚಳಿಗಾಲಕ್ಕೆ ಹೊರಡುವುದಾದರೆ ಕಲ್ಹಟ್ಟಿಯ ಕಡಿದಾದ ಏರಿಗಿಂತ ಮೇಟ್ಟುಪಾಳ್ಯ–ಕೋಟಗಿರಿ ದಾರಿಯನ್ನೇ ನಾವು ಸೂಚಿಸುತ್ತೇವೆ. ನೂರಕ್ಕೆ ನಾಲ್ಕೂವರೆಯಂತೆ ಏರುವ ಆ ರಸ್ತೆಯಲ್ಲಿ ಉಸಿರು ಮಾತಿಗೂ ಸ್ವಲ್ಪ ಉಳಿಯುತ್ತದೆ. ಕೋಟಗಿರಿಯಿಂದ ಕನ್ನೇರಿಮುಕ್ಕು ಸಮೀಪ. ಜನವರಿಯಲ್ಲಾದರೆ ಹೆತ್ತೆ ಹಬ್ಬದ ದಿನಗಳು. ಬಿಳಿಯುಟ್ಟ ಜನ ಹಟ್ಟಿಯಿಂದ ಹಟ್ಟಿಗೆ ನಡೆದು ಹೋಗುವುದು ಕಾಣುತ್ತದೆ. ಆಗ ಸೈಕಲ್ಲಿಂದ ಇಳಿದು, ರಸ್ತೆಯ ಅಂಚಿಗೆ ನಿಂತು, ಅವರಿಗೆ ದಾರಿ ಬಿಡಬೇಕು. ಹಾಗೆ ಹೋಗಿಬಂದವರು ಬರೆದ ಲೇಖನವನ್ನು ಈ ಪತ್ರಿಕೆಯಲ್ಲಿಯೇ ಓದಲು ಕಾದಿದ್ದೇವೆ. ಕಿಲೋಮೀಟರುಗಳನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಕೊಟ್ಟರೆ ಸಾಕು. ಹಸಿರೆಲೆಯ ಅಂದಿನ ಬೆಲೆ ಎಷ್ಟಿತ್ತೆಂಬುದನ್ನು ಮಾತ್ರ ಕೇಳಿ ಬರೆದುಕೊಂಡು ಬರಲಿ.