ಯೂನಿವರ್ಸಲ್ ರಿಮೋಟ್: ಆಯ್ಕೆಗೆ ಅಳತೆಗೋಲು ಯಾವುದು?

ಹೋಮ್ ಥಿಯೇಟರ್ ಇಟ್ಟುಕೊಂಡವರ ಮನೆಯ ಟೀಪಾಯಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಟಿವಿಯದೊಂದು, ಸೆಟ್-ಟಾಪ್ ಬಾಕ್ಸಿನದೊಂದು, ಸ್ಪೀಕರುಗಳನ್ನು ನಡೆಸುವ ಎ.ವಿ. ರಿಸೀವರಿನದೊಂದು, ಡಿಸ್ಕ್ ಪ್ಲೇಯರಿನದೊಂದು ಎಂದು ನಾಲ್ಕು ರಿಮೋಟುಗಳು ಸಾಲಾಗಿ ಮಲಗಿರುತ್ತವೆ. ಅವುಗಳಲ್ಲಿ ಎರಡಕ್ಕಾದರೂ ಪ್ಲಾಸ್ಟಿಕ್ ಕವರ್ ತೊಡಿಸಿರುತ್ತಾರೆ. ಈ ನಾಲ್ಕರ ಕೆಲಸವನ್ನೂ ತಾನೊಂದೇ ಮಾಡುತ್ತೇನೆಂಬ ಭರವಸೆಯೊಂದಿಗೆ ಮಾರಾಟವಾಗುವುದು ಯೂನಿವರ್ಸಲ್ ರಿಮೋಟ್. ಎಷ್ಟು ಉಪಕರಣ, ಎಷ್ಟು ಸಾವಿರ ಮಾದರಿ ಎಂಬ ಅಂಕಿಯನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ನಾವು ಕೊಳ್ಳುವುದೂ ಆ ಅಂಕಿಯನ್ನು ನೋಡಿಯೇ. ಅದು ತಪ್ಪು ಅಳತೆಗೋಲು ಎಂಬುದು ನನ್ನ ವಾದ.

ಈ ವಾದಕ್ಕೆ ನಮ್ಮ ಮನೆಯೇ ಪ್ರಯೋಗಶಾಲೆ. ಮೈಸೂರಿನಲ್ಲಿ ಕೇಬಲ್ ಟಿವಿಗೆ ಸೆಟ್-ಟಾಪ್ ಬಾಕ್ಸ್ ಕಡ್ಡಾಯವಾದದ್ದು 2013ರಲ್ಲಿ. ಅಲ್ಲಿಯವರೆಗೆ ನನ್ನ ತಾಯಿಗೆ ಒಂದೇ ರಿಮೋಟ್, ಒಂದೇ ಕೆಂಪು ಗುಂಡಿ. ಬಾಕ್ಸ್ ಬಂದು ಎರಡಾಯಿತು, ಅದಕ್ಕೂ ಹೊಂದಿಕೊಂಡರು. ಕೆಲವು ವರ್ಷಗಳ ಮೇಲೆ ನಾನು ಉತ್ಸಾಹದಿಂದ ರಿಸೀವರನ್ನೂ ಆರು ಸ್ಪೀಕರುಗಳನ್ನೂ ತಂದು ಜೋಡಿಸಿದೆ. ವಾರ ಕಳೆಯುವುದರೊಳಗೆ, "ನೀನು ಕಾಲೇಜಿಗೆ ಹೋದ್ಮೇಲೆ ಈ ಮನೇಲಿ ಟಿವಿ ಇಲ್ಲ ಕಣೋ" ಎಂದರು. ಎಂಬತ್ತನ್ನು ಸಮೀಪಿಸಿದ್ದ ಹೆಂಗಸು ತನ್ನದೇ ಮನೆಯಲ್ಲಿ ಸಂಜೆಯ ಕಾರ್ಯಕ್ರಮ ನೋಡಲು ಮಗನ ದಾರಿ ಕಾಯಬೇಕಾಗಿತ್ತು. ನಾನು ಯೂನಿವರ್ಸಲ್ ರಿಮೋಟ್ ಹುಡುಕಲು ಹೊರಟದ್ದು ಆಗ. ಎರಡು ವರ್ಷದಲ್ಲಿ ಮೂರು ಕೊಂಡೆ. ಎರಡು ದಂಡವಾದವು. ಏಕೆ ದಂಡವಾದವು ಎಂದು ತಿಳಿಯಬೇಕಾದರೆ ರಿಮೋಟ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು.

ರಿಮೋಟಿನ ಮೂತಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೊಮೀಟರ್ ತರಂಗದೂರದ ಅವಕೆಂಪು ಬೆಳಕನ್ನು ಸೂಸುತ್ತದೆ. ಇದು ಕಣ್ಣಿಗೆ ಕಾಣದು. ಮೊಬೈಲ್ ಫೋನಿನ ಮುಂಬದಿಯ ಕ್ಯಾಮರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ, ಸಾಮಾನ್ಯವಾಗಿ ನಸುನೇರಳೆ ಬಣ್ಣದ ಚುಕ್ಕೆಯಾಗಿ ಕಾಣುತ್ತದೆ. (ಪ್ಲಾಸ್ಟಿಕ್ ಕವರಿನೊಳಗಿಂದಲೂ ಕಾಣುತ್ತದೆ. ಆದ್ದರಿಂದ ಕವರ್ ಹಾಕುವ ನಮ್ಮ ಪದ್ಧತಿಯಲ್ಲಿ ಭೌತಶಾಸ್ತ್ರಕ್ಕೆ ಆಕ್ಷೇಪಣೆ ಇಲ್ಲ.) ಕೋಣೆಯೊಳಗೆ ಬೀಳುವ ಬಿಸಿಲಿನಲ್ಲೂ ಅವಕೆಂಪು ಬೆಳಕು ಧಾರಾಳವಾಗಿದೆ. ಅದರ ನಡುವೆ ತನ್ನ ಬೆಳಕು ಬೇರೆಯಾಗಿ ಗುರುತಿಸಲ್ಪಡಲಿ ಎಂದು ರಿಮೋಟ್ ಅದನ್ನು ಸೆಕೆಂಡಿಗೆ ಸುಮಾರು 38,000 ಬಾರಿ ಮಿಣುಕಿಸುತ್ತದೆ. ಟಿವಿಯೊಳಗಿನ ಸಂವೇದಕ ಆ ಆವೃತ್ತಿಯ ಮಿಣುಕನ್ನು ಮಾತ್ರ ಆಯ್ದುಕೊಳ್ಳುತ್ತದೆ. ಹಿಂದೆ ಸಿಎಫ್‌ಎಲ್ ದೀಪ ಹಾಕಿದಾಗ ಕೆಲವು ಮನೆಗಳಲ್ಲಿ ರಿಮೋಟ್ ಮೊಂಡು ಹಿಡಿಯುತ್ತಿದ್ದುದಕ್ಕೆ ಕಾರಣ ಇಷ್ಟೆ: ಆ ದೀಪದ ಎಲೆಕ್ಟ್ರಾನಿಕ್ ಚೋಕ್ ಕೂಡ ಹೆಚ್ಚುಕಡಿಮೆ ಇದೇ ಆವೃತ್ತಿಗಳಲ್ಲಿ ಕೆಲಸ ಮಾಡುತ್ತಿತ್ತು.

ಮಿಣುಕುಗಳ ಗೊಂಚಲು ಎಷ್ಟು ಹೊತ್ತು, ನಡುವಿನ ಬಿಡುವು ಎಷ್ಟು ಹೊತ್ತು ಎಂಬುದೇ ಸಂಕೇತ. ಬಹಳ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಉದ್ದ ಗೊಂಚಲು, ಬಳಿಕ 4.5 ಮಿಲಿಸೆಕೆಂಡ್ ಬಿಡುವು, ಆಮೇಲೆ 32 ಬಿಟ್‌ಗಳು ಬರುತ್ತವೆ. ಯಾವ ಉಪಕರಣಕ್ಕೆ, ಯಾವ ಆಜ್ಞೆ ಎಂಬುದು ಅವುಗಳಲ್ಲಿರುತ್ತದೆ. ಇಡೀ ಸಂದೇಶಕ್ಕೆ ಸುಮಾರು 68 ಮಿಲಿಸೆಕೆಂಡ್ ಸಾಕು. ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಪದ್ಧತಿಯದು 36 ಕಿಲೋಹರ್ಟ್ಸ್, ಸೋನಿಯದು 40. ಬಿಟ್‌ಗಳ ಎಣಿಕೆಯೂ ಬೇರೆ. ಈ ವೈವಿಧ್ಯವನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳುವುದು ಇಂದಿನ ಚಿಪ್ಪಿಗೆ ಕಷ್ಟದ ಕೆಲಸವೇ ಅಲ್ಲ. ಡಬ್ಬಿಯ ಮೇಲಿನ ಅಂಕಿ ಈ ಸುಲಭದ ಕೆಲಸದ ಜಾಹೀರಾತು.

ಕಷ್ಟ ಬೇರೆಡೆ ಇದೆ. ಈ ಸಂದೇಶ ಒಮ್ಮುಖ. ಟಿವಿ ಕೇಳಿಸಿಕೊಂಡಿತೇ ಇಲ್ಲವೇ ಎಂದು ತಿಳಿಯುವ ದಾರಿ ರಿಮೋಟಿಗೆ ಇಲ್ಲ. 1956ರಲ್ಲಿ ಅಮೆರಿಕದ ಜೆನಿತ್ ಕಂಪನಿಗಾಗಿ ರಾಬರ್ಟ್ ಆಡ್ಲರ್ ರೂಪಿಸಿದ ರಿಮೋಟಿನಲ್ಲಿ ಪುಟ್ಟ ಸುತ್ತಿಗೆ ಅಲ್ಯೂಮಿನಿಯಮ್ ಸರಳನ್ನು ಬಡಿದು ಶ್ರವಣಾತೀತ ಧ್ವನಿ ಹೊರಡಿಸುತ್ತಿತ್ತು, ಸೆಲ್ಲೇ ಬೇಕಿರಲಿಲ್ಲ. ಧ್ವನಿ ಹೋಗಿ ಬೆಳಕು ಬಂದಿತು, ಒಮ್ಮುಖತನ ಮಾತ್ರ ಹಾಗೇ ಉಳಿಯಿತು. ಇಂಜಿನಿಯರುಗಳ ಭಾಷೆಯಲ್ಲಿ ಇದು ಹಿಮ್ಮಾಹಿತಿ ಇಲ್ಲದ ನಿಯಂತ್ರಣ. ಉಪಕರಣ ಒಂದೇ ಇದ್ದಾಗ ಇದರಿಂದ ತೊಂದರೆಯಿಲ್ಲ, ಏಕೆಂದರೆ ಹಿಮ್ಮಾಹಿತಿ ಒದಗಿಸುವವರು ನಾವೇ. ಟಿವಿ ಹತ್ತಲಿಲ್ಲವೆಂದು ಕಣ್ಣು ಹೇಳುತ್ತದೆ, ಬೆರಳು ಮತ್ತೆ ಒತ್ತುತ್ತದೆ.

ಯೂನಿವರ್ಸಲ್ ರಿಮೋಟ್ ಒಂದೇ ಗುಂಡಿಗೆ ಆರು ಆಜ್ಞೆಗಳನ್ನು ಪೋಣಿಸುತ್ತದೆ. ಟಿವಿ ಚಾಲೂ, ರಿಸೀವರ್ ಚಾಲೂ, ಬಾಕ್ಸ್ ಚಾಲೂ, ಟಿವಿಯ ಇನ್‌ಪುಟ್, ರಿಸೀವರಿನ ಇನ್‌ಪುಟ್, ಚಾನೆಲ್. ಪ್ರತಿ ಆಜ್ಞೆಯೂ ನೂರಕ್ಕೆ 98 ಬಾರಿ ತಲುಪುತ್ತದೆ ಎಂದಿಟ್ಟುಕೊಳ್ಳಿ. ಆರೂ ತಲುಪುವ ಸಂಭಾವ್ಯತೆ 0.98ರ ಆರನೆಯ ಘಾತ, ಅಂದರೆ ಸುಮಾರು 0.89. ಒಂಬತ್ತು ಸಂಜೆಗಳಲ್ಲಿ ಒಂದು ಸಂಜೆ ಏನೋ ಒಂದು ಕೈಕೊಡುತ್ತದೆ. ಕೈ ನಡುಗುವವರು, ಗುಂಡಿ ಒತ್ತಿದ ತಕ್ಷಣ ರಿಮೋಟನ್ನು ಮಡಿಲಿಗೆ ಇಳಿಸುವವರು ಬಳಸಿದರೆ 98 ಎಂಬುದು ಬಹಳ ಉದಾರವಾದ ಊಹೆ.

ಇದರ ಮೇಲೆ ಇನ್ನೊಂದು ಪೆಟ್ಟು ಇದೆ. ಹೆಚ್ಚಿನ ಉಪಕರಣಗಳಲ್ಲಿ ಚಾಲೂ ಮತ್ತು ಬಂದ್ ಎರಡಕ್ಕೂ ಒಂದೇ ಸಂಕೇತ. ಒಮ್ಮೆ ಹೋದರೆ ಹತ್ತುತ್ತದೆ, ಮತ್ತೊಮ್ಮೆ ಹೋದರೆ ಆರುತ್ತದೆ. ಟಿವಿ ಹತ್ತಿ, ರಿಸೀವರಿಗೆ ಹೋದ ಆಜ್ಞೆ ದಾರಿಯಲ್ಲಿ ಕಳೆದುಹೋಯಿತು ಎನ್ನಿ. ಚಿತ್ರ ಇದೆ, ಸದ್ದಿಲ್ಲ. ಗಾಬರಿಯಿಂದ ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ಟಿವಿ ಆರಿ ರಿಸೀವರ್ ಹತ್ತುತ್ತದೆ. ಮೂರನೆಯ ಸಲ ಒತ್ತಿದರೆ ಮತ್ತೆ ಅದಲುಬದಲು. ಎಷ್ಟು ಬಾರಿ ಒತ್ತಿದರೂ ಎರಡೂ ಒಟ್ಟಿಗೆ ಹತ್ತುವುದಿಲ್ಲ. ನಾನು ಕೊಂಡ ಮೊದಲನೆಯ ರಿಮೋಟ್ ನನ್ನ ತಾಯಿಯನ್ನು ಸೋಲಿಸಿದ್ದು ಹೀಗೆ. ಅವರಿಗೆ ಅರ್ಥವಾಗಲಿಲ್ಲವೆಂದು ನಾವು ಅಂದುಕೊಂಡೆವು. ಅರ್ಥವಾಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಈ ತೊಡಕನ್ನು ಗಂಭೀರವಾಗಿ ಎದುರಿಸಿದ ಶ್ರೇಯಸ್ಸು ಹಾರ್ಮನಿ ಸರಣಿಗೆ ಸಲ್ಲಬೇಕು. ಕೆನಡಾದ ಇಂಟ್ರೀಗ್ ಟೆಕ್ನಾಲಜೀಸ್ ಆರಂಭಿಸಿದ ಇದನ್ನು ಲಾಜಿಟೆಕ್ 2004ರಲ್ಲಿ ಕೊಂಡುಕೊಂಡಿತು. ಉಪಕರಣದ ಹೆಸರು ಒತ್ತುವ ಬದಲು 'ಟಿವಿ ನೋಡು', 'ಸಿನಿಮಾ ನೋಡು' ಎಂದು ಕೆಲಸದ ಹೆಸರು ಒತ್ತುವುದು, ಯಾವುದು ಚಾಲೂ ಇದೆ ಎಂಬ ಲೆಕ್ಕವನ್ನು ರಿಮೋಟೇ ಇಟ್ಟುಕೊಳ್ಳುವುದು, ಲೆಕ್ಕ ತಪ್ಪಿದಾಗ ಸಹಾಯದ ಗುಂಡಿ ಒತ್ತಿದರೆ ಒಂದೊಂದೇ ಪ್ರಶ್ನೆ ಕೇಳಿ ಸರಿಪಡಿಸುವುದು - ಇವೆಲ್ಲ ಒಳ್ಳೆಯ ವಿಚಾರಗಳು. ಆದರೆ ಆ ಲೆಕ್ಕವೂ ಊಹೆಯೇ. ಮನೆಯ ಬೇರೊಬ್ಬರು ಎದ್ದುಹೋಗಿ ಟಿವಿಯ ಗುಂಡಿಯನ್ನು ಕೈಯಿಂದಲೇ ಒತ್ತಿದರೆ ರಿಮೋಟಿನ ಲೆಕ್ಕ ಕೆಟ್ಟಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ದೋಷ ಇನ್ನೊಂದು: ಅದನ್ನು ಹೊಂದಿಸಲು ಕಂಪನಿಯ ಸರ್ವರ್ ಬೇಕು, ಅಲ್ಲಿ ಖಾತೆ ಬೇಕು. 2021ರ ಏಪ್ರಿಲ್‌ನಲ್ಲಿ ಲಾಜಿಟೆಕ್ ಹಾರ್ಮನಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಸರ್ವರಿನ ಸೇವೆ ಮುಂದುವರಿಯುವುದೆಂದೂ ಹೇಳಿತು, ನಿಜ. ಆದರೂ ಮನೆಯ ಟಿವಿಯ ಇನ್‌ಪುಟ್ ಬದಲಿಸುವ ಸಾಧನದ ಆಯಸ್ಸು ದೂರದ ಒಂದು ಕಂಪನಿಯ ಮನಸ್ಸಿನ ಮೇಲೆ ನಿಲ್ಲುವುದು ಒಳ್ಳೆಯ ವಿನ್ಯಾಸವಲ್ಲ. ಹಳೆಯ ದಾಸ್ತಾನಿನ ಹಾರ್ಮನಿ ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವವರು ಇದನ್ನು ನೆನಪಿಡಬೇಕು.

ಇನ್ನು ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ 'ಕಲಿಯುವ' ರಿಮೋಟುಗಳು. ಮೂಲ ರಿಮೋಟನ್ನು ಇದಕ್ಕೆ ಎದುರುಬದುರಾಗಿಟ್ಟು ಗುಂಡಿ ಒತ್ತಿದರೆ ಸಂಕೇತವನ್ನು ದಾಖಲಿಸಿಕೊಂಡು ಹಾಗೆಯೇ ಮರುನುಡಿಯುತ್ತದೆ. ಸರ್ವರ್ ಬೇಡ, ಖಾತೆ ಬೇಡ. ಆದರೆ ಗಿಣಿಪಾಠಕ್ಕೆ ಮಿತಿ ಇದೆ. ಆರ್‌ಸಿ-5 ಪದ್ಧತಿಯಲ್ಲಿ ಒಂದು ಬಿಟ್ ಪ್ರತಿ ಹೊಸ ಒತ್ತಿಗೂ 0 ಇದ್ದದ್ದು 1, 1 ಇದ್ದದ್ದು 0 ಆಗುತ್ತದೆ. ಗುಂಡಿಯನ್ನು ಒತ್ತಿ ಹಿಡಿದಿದ್ದಾರೋ, ಬಿಟ್ಟು ಮತ್ತೆ ಒತ್ತಿದ್ದಾರೋ ಎಂದು ಟಿವಿ ತಿಳಿಯುವುದು ಇದರಿಂದಲೇ. ಕಲಿತ ರಿಮೋಟ್ ದಾಖಲಾದ ಒಂದೇ ರೂಪವನ್ನು ಪ್ರತಿಸಲವೂ ಕಳಿಸಿದರೆ, 11ನೆಯ ಚಾನೆಲ್ಲಿಗೆಂದು 1ನ್ನು ಎರಡು ಸಲ ಒತ್ತಿದಾಗ ಟಿವಿಗೆ ಅದು ಒಂದೇ ದೀರ್ಘ ಒತ್ತಾಗಿ ಕಾಣುತ್ತದೆ. ಒಂದನೆಯ ಚಾನೆಲ್ ಬರುತ್ತದೆ. ನಾನು ಕೊಂಡ ಎರಡನೆಯದರ ಗತಿ ಇದು. 12 ಬರುತ್ತಿತ್ತು, 21 ಬರುತ್ತಿತ್ತು, 11 ಮತ್ತು 22 ಬರುತ್ತಿರಲಿಲ್ಲ. ಅಂಗಡಿಯವರು ಸೆಲ್ ಬದಲಿಸಲು ಹೇಳಿದರು!

ಇನ್ನೊಂದು ಮಿತಿ ಹೆಚ್ಚು ಮುಖ್ಯವಾದುದು. ಎನ್‌ಇಸಿ ಪದ್ಧತಿಯಲ್ಲಿ ಒಂದು ಉಪಕರಣಕ್ಕೆ 256 ಆಜ್ಞೆಗಳಿಗೆ ಜಾಗವಿದೆ. ರಿಮೋಟಿನ ಮೇಲೆ ಇರುವುದು ನಲವತ್ತೋ ಐವತ್ತೋ ಗುಂಡಿ. ಹಲವು ಟಿವಿಗಳೂ ರಿಸೀವರುಗಳೂ ಚಾಲೂ ಮಾಡಲು ಒಂದು, ಬಂದ್ ಮಾಡಲು ಇನ್ನೊಂದು ಪ್ರತ್ಯೇಕ ಸಂಕೇತಕ್ಕೆ ಓಗೊಡುತ್ತವೆ. ಅವುಗಳಿಗೆ ಮೂಲ ರಿಮೋಟಿನಲ್ಲಿ ಗುಂಡಿಯೇ ಇರುವುದಿಲ್ಲ. ಈ ಸಂಕೇತಗಳು ಸಿಕ್ಕರೆ ಅದಲುಬದಲಿನ ಕಾಟ ಮುಗಿಯಿತು. ಗುಂಡಿಯನ್ನು ಹತ್ತು ಸಲ ಒತ್ತಿದರೂ ಹತ್ತಿದ್ದು ಆರುವುದಿಲ್ಲ. ಮೂಲ ರಿಮೋಟ್ ಆಡದ ಮಾತನ್ನು ಕಲಿಯುವ ರಿಮೋಟ್ ಕಲಿಯಲಾರದು. ಅದಕ್ಕೆ ಸಂಕೇತಗಳ ಭಂಡಾರ ಒಳಗೇ ಇರುವ ರಿಮೋಟ್ ಬೇಕು. ಆದ್ದರಿಂದ ಭಂಡಾರವೂ ಇರಬೇಕು, ಕಲಿಯುವ ಶಕ್ತಿಯೂ ಇರಬೇಕು.

ಅವಕೆಂಪು ಎಲ್‌ಇಡಿ ಇರುವ ಮೊಬೈಲ್ ಫೋನುಗಳ ಬಗ್ಗೆ ಬಹಳ ಹೇಳುವುದಿಲ್ಲ. ಭಂಡಾರ ದೊಡ್ಡದು, ಖರ್ಚಿಲ್ಲ. ಆದರೆ ಗಾಜಿನ ಮೇಲೆ ಬೆರಳಿಗೆ ತಡಕಾಡಲು ಏನೂ ಸಿಗದು; ಕತ್ತಲಲ್ಲಿ ಸಿನಿಮಾ ನೋಡುವವರಿಗೂ ಕಣ್ಣು ಮಂದವಾದವರಿಗೂ ಅದು ಒಗ್ಗುವುದಿಲ್ಲ. ಫೋನು ಮಗನ ಜೇಬಿನಲ್ಲಿ ಕಾಲೇಜಿಗೆ ಹೋಗುತ್ತದೆ ಎಂಬುದು ಬೇರೆ ಮಾತು.

ನಿಜವಾದ ಪರಿಹಾರ ಬಂದಿರುವುದು ರಿಮೋಟಿನ ಕಡೆಯಿಂದಲ್ಲ, ಉಪಕರಣಗಳ ನಡುವಿನ ತಂತಿಯ ಕಡೆಯಿಂದ. ಎಚ್‌ಡಿಎಂಐ ಕೇಬಲಿನ 19 ಪಿನ್‌ಗಳಲ್ಲಿ 13ನೆಯದು ಸಿಇಸಿ ಎಂಬ ಸಂವಹನಕ್ಕೆ ಮೀಸಲು. ಸೆಕೆಂಡಿಗೆ ಸುಮಾರು 400 ಬಿಟ್ ಮಾತ್ರ ಸಾಗಿಸುವ ಬಡಪಾಯಿ ತಂತಿ ಇದು. ಆದರೆ ಮಾತು ಇಮ್ಮುಖ. 'ನೀನು ಚಾಲೂ ಇದ್ದೀಯಾ?' ಎಂದು ಟಿವಿ ಕೇಳಬಹುದು, ರಿಸೀವರ್ ಉತ್ತರಿಸಬಹುದು. ದಶಕಗಳ ಕಾಲ ಇಲ್ಲದಿದ್ದ ಹಿಮ್ಮಾಹಿತಿ ಇಲ್ಲಿ ಸಿಕ್ಕಿತು. ತಯಾರಕರು ಇದನ್ನು ಒಂದೇ ಹೆಸರಿನಿಂದ ಕರೆದಿದ್ದರೆ ನಮಗೆ ಎಷ್ಟೋ ಉಪಕಾರವಾಗುತ್ತಿತ್ತು. ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಯಾವ ಆಜ್ಞೆಗಳಿಗೆ ಓಗೊಡಬೇಕೆಂಬುದರಲ್ಲೂ ಅವರವರ ಇಷ್ಟ. ಆದ್ದರಿಂದ ಹೊಸ ರಿಮೋಟಿಗೆ ದುಡ್ಡು ಹಾಕುವ ಮೊದಲು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಈ ಹೆಸರುಗಳಲ್ಲೊಂದನ್ನು ಹುಡುಕಿ ಚಾಲೂ ಮಾಡಿ ನೋಡಿ. ಟಿವಿ, ರಿಸೀವರ್, ಡಿಸ್ಕ್ ಪ್ಲೇಯರ್ ಒಟ್ಟಿಗೆ ಎದ್ದು ಒಟ್ಟಿಗೆ ಮಲಗಿದರೆ ನಿಮ್ಮ ಸಮಸ್ಯೆ ನಾಲ್ಕು ರಿಮೋಟಿನಿಂದ ಎರಡಕ್ಕೆ ಇಳಿಯಿತು.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಸೆಟ್-ಟಾಪ್ ಬಾಕ್ಸ್ ಮಾತ್ರ ಈ ಸಂವಹನಕ್ಕೆ ಕಿವುಡು. ಹಾಗಾಗಿ ಭಂಡಾರವೂ ಕಲಿಕೆಯೂ ಇರುವ, ದೊಡ್ಡ ರಬ್ಬರ್ ಗುಂಡಿಗಳ ಒಂದು ಸಾಧಾರಣ ರಿಮೋಟನ್ನು ಮೂರನೆಯದಾಗಿ ತಂದೆ. ಆರು ಆಜ್ಞೆಗಳ ಸರಮಾಲೆಯನ್ನು ಅದರಲ್ಲಿ ಹಾಕಲೇ ಇಲ್ಲ. ಒಂದು ಗುಂಡಿಗೆ ಟಿವಿಯ ಪ್ರತ್ಯೇಕ ಚಾಲೂ ಸಂಕೇತ, ಇನ್ನೊಂದಕ್ಕೆ ಬಂದ್ ಸಂಕೇತ. ಧ್ವನಿಯ ಗುಂಡಿ ರಿಸೀವರಿಗೆ, ಅಂಕಿಗಳು ಬಾಕ್ಸಿಗೆ. ಬಾಕ್ಸನ್ನು ಬಂದ್ ಮಾಡುವುದನ್ನೇ ಬಿಟ್ಟೆವು. ಅದಕ್ಕೆ ತಗಲುವ ವಿದ್ಯುತ್ತು ನನ್ನ ಮನಸ್ಸಿಗೆ ಇನ್ನೂ ಚುಚ್ಚುತ್ತದೆ. ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆಗಳು ಮೂರೇ: ಹತ್ತಿರುವ ಟಿವಿಯ ಮೇಲೆ ಚಾಲೂ ಒತ್ತಿದಾಗ ಆರದೆ ಇರಬೇಕು, ಒಂದೇ ಅಂಕಿಯನ್ನು ಎರಡು ಸಲ ಒತ್ತಿದಾಗ ಎರಡಾಗಿಯೇ ಕಾಣಬೇಕು, ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದರೂ ಕಲಿತದ್ದು ನೆನಪಿರಬೇಕು. ಅಂಗಡಿಯವರಿಗೆ ಬೇಸರವಾಯಿತು, ಆಗಲಿ.

ಹಳೆಯ ರಿಮೋಟುಗಳನ್ನು ಮಾತ್ರ ಎಸೆಯಬೇಡಿ. ಹೊಸದು ಕೆಟ್ಟರೆ ಮತ್ತೊಂದಕ್ಕೆ ಪಾಠ ಹೇಳಲು ಅವೇ ಬೇಕು. ಸೆಲ್‌ಗಳನ್ನು ತೆಗೆದು, ಯಾವುದು ಯಾವ ಉಪಕರಣದ್ದೆಂದು ಚೀಟಿ ಅಂಟಿಸಿ ಡ್ರಾಯರಿನಲ್ಲಿಡಿ. ಸೆಲ್ ಒಳಗೇ ಬಿಟ್ಟರೆ ವರ್ಷದೊಳಗೆ ಅದು ಸೋರಿ ಸ್ಪ್ರಿಂಗನ್ನು ತಿಂದುಹಾಕೀತು.