ದಾನಿಯ ಅಳತೆಗೋಲು

1996ರ ಆಗಸ್ಟ್ 22ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು, ನಗದು ನೆರವಿನ ಮೇಲೆ ಅಮೆರಿಕದ ಬಡ ಕುಟುಂಬಗಳಿಗಿದ್ದ ಹಕ್ಕನ್ನು ಕೊನೆಗೊಳಿಸಿತು. ಅದನ್ನು ಶಾಸನಸಭೆಯ ಕೃತಿಯೆಂದಷ್ಟೇ ಓದಿದರೆ ದಾನಿಗಳ ಪಾತ್ರ ಮರೆಯಾಗುತ್ತದೆ.

ನೆರವೇ ಬಡತನವನ್ನು ಬೆಳೆಸುತ್ತದೆಂಬ ವಾದವನ್ನು ಚಾರ್ಲ್ಸ್ ಮರ್ರೆಯವರ ‘ಲೂಸಿಂಗ್ ಗ್ರೌಂಡ್’ (1984) ಜನಪ್ರಿಯಗೊಳಿಸಿತು. ಮರ್ರೆಯವರ ಸಂಶೋಧನೆಗೆ ಹಣ ನೀಡಿದವರಲ್ಲಿ ಮಿಲ್ವಾಕಿಯ ಬ್ರಾಡ್ಲಿ ಪ್ರತಿಷ್ಠಾನವೂ ಒಂದು. 1997ರಲ್ಲಿ ಅದೇ ನಗರದಲ್ಲಿ ‘ವಿಸ್ಕಾನ್ಸಿನ್ ವರ್ಕ್ಸ್’ ಯೋಜನೆಯ ನಿರ್ವಹಣೆ ಖಾಸಗಿ ಸಂಸ್ಥೆಗಳ ಪಾಲಾಯಿತು. ಅವುಗಳಲ್ಲಿ ಬಹುಪಾಲು ಲಾಭರಹಿತ ಸೇವಾಸಂಸ್ಥೆಗಳು. ಖರ್ಚಾಗದೆ ಉಳಿದ ಹಣದಲ್ಲಿ ಒಂದಂಶವನ್ನು ಇರಿಸಿಕೊಳ್ಳಲು ಮೊದಲ ಗುತ್ತಿಗೆ ಅವಕ್ಕೆ ಅವಕಾಶವಿತ್ತಿತು. ಫಲಾನುಭವಿಗಳ ಪಟ್ಟಿ ಕುಗ್ಗಿದ್ದೇ ಯಶಸ್ಸೆನಿಸಿತು. ಪಟ್ಟಿಯಿಂದ ಹೊರಬಿದ್ದ ತಾಯಿಯ ಮುಂದಿನ ಬದುಕು ಆ ಲೆಕ್ಕಕ್ಕೆ ಬರಲಿಲ್ಲ. ಉಪ್ಪಿನ ಋಣಕ್ಕೆ ಸಿಲುಕಿದ ಸಂಸ್ಥೆ ಆಕೆಯ ಪರವಾಗಿ ಸಾಕ್ಷಿ ನುಡಿಯುವುದು ಸುಲಭವಲ್ಲ.

ಎಲ್ಲ ದಾನಿಗಳೂ ಒಂದೇ ಪಕ್ಷದವರಲ್ಲ. ಸುಧಾರಣೆಯ ಪರಿಣಾಮಗಳನ್ನು ಅರ್ಬನ್ ಇನ್‌ಸ್ಟಿಟ್ಯೂಟ್ ವ್ಯಾಪಕವಾಗಿ ಪರೀಕ್ಷಿಸಿದ್ದು ಆನಿ ಇ. ಕೇಸಿ ಮೊದಲಾದ ಪ್ರತಿಷ್ಠಾನಗಳ ಹಣದಿಂದಲೇ. ಆದರೆ ತೊಡಕು ಇರುವುದೂ ಇಲ್ಲಿಯೇ: ಆರೋಪಕ್ಕೂ ಅದರ ಪರಿಶೀಲನೆಗೂ ದಾನಿಯ ಕೃಪೆಯೇ ಆಧಾರವಾದಲ್ಲಿ, ನೆರವು ಪಡೆಯುವವರಿಗೆ ತಮ್ಮದೇ ಪ್ರಶ್ನೆಯನ್ನು ಎತ್ತಲು ಯಾವ ವೇದಿಕೆ ಉಳಿಯುತ್ತದೆ?